ಓದದೆ ಒಯ್ದ ಲಕೋಟೆ

“ನಿಮ್ಮ ಬಗ್ಗೆ ನೀವೇ ಬಾಯಿ ಬಿಡದಿದ್ರೆ ನಾನೇನು ಟೈಪ್ ಮಾಡ್ಲಿ?”

ಅಣ್ಣನ ಅಂಗಡಿಯಲ್ಲಿ ಅರ್ಜಿ ಟೈಪ್ ಮಾಡಿಕೊಡುವ ಹುಡುಗಿ ಮೊದಲ ದಿನವೇ ಸಿಡುಕಿದ್ದಳು. ಎದುರಿಗಿದ್ದ ಬಡಗಿ ತಲೆ ತಗ್ಗಿಸಿದ. ಅಂಗಿಯ ತೋಳಿನ ತುಂಬ ಮರದ ಪುಡಿ.

“ಕೆಲಸ ಗೊತ್ತು ಅಂತ ಬರೀರಿ... ಸಾಕು.”

“ಎಲ್ಲರೂ ಅದನ್ನೇ ಬರೀತಾರೆ! ಕವರ್ ಲೆಟರ್‌ನಲ್ಲಿ ಮೊದಲ ಸಾಲಲ್ಲೇ ಏನು ಬೇಕು ಅಂತ ಹೇಳ್ಬೇಕು. ಆಮೇಲೆ ನೀವು ನಿಜವಾಗ್ಲೂ ಮಾಡಿದ ಕೆಲಸ ಒಂದಾದ್ರೂ ಹೇಳ್ಬೇಕು. ಸುತ್ತಿ ಬಳಸಬಾರದು.”

ಅವನು ನಕ್ಕ. ಆ ನಗುವಿಗೆ ಅವಳ ಬೆರಳು ತಪ್ಪು ಅಕ್ಷರ ಒತ್ತಿತು!

ನಾಲ್ಕು ತಿಂಗಳಲ್ಲಿ ನಾಲ್ಕು ಅರ್ಜಿ ಹೋದವು. ಒಂದಕ್ಕೂ ಉತ್ತರವಿಲ್ಲ. ಆದರೆ ಅವನು ಬಂದು ಹೋದಾಗಲೆಲ್ಲ ಅಂಗಡಿಯಲ್ಲಿ ಏನೋ ಒಂದು ಸರಿಯಾಗಿರುತ್ತಿತ್ತು. ನೆಲಕ್ಕೆ ಉಜ್ಜುತ್ತಿದ್ದ ಬಾಗಿಲು... ಕುಂಟುತ್ತಿದ್ದ ಸ್ಟೂಲು... ಎಳೆದರೆ ಬಾರದಿದ್ದ ಡ್ರಾಯರು. ಅವಳು ಎಲ್ಲವನ್ನೂ ಗಮನಿಸಿದ್ದಳು, ಒಂದು ಮಾತೂ ಆಡಿರಲಿಲ್ಲ. ಆಡಿದರೆ ಮನಸ್ಸಿನಲ್ಲಿರುವುದೆಲ್ಲ ಹೊರಗೆ ಬಿದ್ದೀತೆಂಬ ಭಯ.

ಐದನೆಯದು ದೂರದ ಊರಿನ ಪೀಠೋಪಕರಣ ಕಾರ್ಖಾನೆಗೆ.

“ಇದು ಸಿಕ್ಕಿದ್ರೆ ಹೋಗ್ಬಿಡ್ತೀನಿ,” ಎಂದ. “ಇಲ್ಲಿ ನನ್ನನ್ನ ಕೇಳೋರು ಯಾರಿದ್ದಾರೆ?”

‘ಕೆಟ್ಟದಾಗಿ ಬರೆದುಬಿಡಲೇ?’ ಸುಳ್ಳೇಕೆ, ಅವಳಿಗೆ ಒಂದು ಕ್ಷಣ ಹಾಗೂ ಅನಿಸಿತು! ಆದರೆ ಅವನ ಅನ್ನಕ್ಕೆ ಕಲ್ಲು ಹಾಕಲು ಮನಸ್ಸು ಬರಲಿಲ್ಲ. ಈ ಸಲ ಅವನನ್ನು ಏನೂ ಕೇಳದೆ ಬರೆದಳು. ಲಕೋಟೆ ಅಂಟಿಸಿ ಕೈಗಿಟ್ಟಳು. ಅವನು ಓದದೆಯೇ ಒಯ್ದ.

ಮೂರು ವಾರ ಸುದ್ದಿಯಿಲ್ಲ.

“ಹೀಗೆ ಬಾಗಿಲನ್ನೇ ನೋಡ್ತಾ ಕೂತ್ರೆ ಬಾಗಿಲಿಗೂ ನಾಚಿಕೆ ಆಗುತ್ತೆ ಕಣೇ,” ಅತ್ತಿಗೆ ಛೇಡಿಸಿದಳು.

ಅವಳಿಗೆ ನಗು ಬರಲಿಲ್ಲ. ‘ಒಂದು ಮಾತು ಹೇಳಿ ಹೋಗಬಾರದಿತ್ತೇ...’ ಡ್ರಾಯರನ್ನು ಸುಮ್ಮಸುಮ್ಮನೆ ಎಳೆದಳು, ಮುಚ್ಚಿದಳು, ಮತ್ತೆ ಎಳೆದಳು.

ಆ ಮಧ್ಯಾಹ್ನ ಬಾಗಿಲು ಸದ್ದಿಲ್ಲದೆ ತೆರೆಯಿತು.

“ಕೆಲಸ ಸಿಕ್ತು,” ಬಡಗಿ ಹೊಸ್ತಿಲಲ್ಲೇ ನಿಂತಿದ್ದ. “ಕೈಚಳಕ ನೋಡ್ಬೇಕು ಅಂತ ಇಷ್ಟು ದಿನ ಅಲ್ಲೇ ಇಟ್ಕೊಂಡಿದ್ರು.”

“ಸಂತೋಷ...” ಅವಳು ಡ್ರಾಯರು ಮುಚ್ಚಿದಳು.

“ಮೊದಲನೇ ದಿನ ಮ್ಯಾನೇಜರು ಆ ಲೆಟರ್ ಜೋರಾಗಿ ಓದಿದ್ರು. ‘ಉಜ್ಜುವ ಬಾಗಿಲು ಕಂಡರೆ ಯಾರೂ ಹೇಳದಿದ್ದರೂ ಸರಿ ಮಾಡಿಯೇ ಹೋಗುತ್ತೇನೆ. ಹೊಗಳಿಕೆಗೆ ಕಾಯುವುದಿಲ್ಲ.’” ಅವನು ಒಳಗೆ ಬಂದ. “ನೀವು ಅದನ್ನೆಲ್ಲ ನೋಡೇ ಇಲ್ಲ ಅಂದ್ಕೊಂಡಿದ್ದೆ! ಅದಕ್ಕೇ ಊರು ಬಿಡೋಕೆ ಹೊರಟಿದ್ದೆ.”

“ಎಲ್ಲಾ ನೋಡಿದ್ದೆ...” ಅವಳ ಕಣ್ಣು ತುಂಬಿತು. “ಊರಿಗೆಲ್ಲ ಬುದ್ಧಿ ಹೇಳೋಳಿಗೆ ನಿಮ್ಮ ಮುಂದೆ ಬಾಯೇ ಬರ್ಲಿಲ್ಲ.”

“ಸೋಮವಾರ ಕೆಲಸಕ್ಕೆ ಸೇರ್ಬೇಕು. ಅದಕ್ಕೆ ಮುಂಚೆ ಇನ್ನೊಂದು ಅರ್ಜಿ ಇದೆ. ನಿಮ್ಮ ಅಣ್ಣನಿಗೆ.”

“ಏನಂತ?”

“ಸುತ್ತಿ ಬಳಸಬಾರದು ಅಲ್ವಾ? ಮೊದಲನೇ ಸಾಲು ಬರ್ಕೊಳ್ಳಿ... ‘ನಿಮ್ಮ ತಂಗಿಯನ್ನ ಮದುವೆ ಆಗೋಕೆ ನನಗಿಷ್ಟ.’”

ಅವಳು ಕಣ್ಣೊರೆಸಿಕೊಂಡು ಟೈಪ್ ಮಾಡಿದಳು. ಆಮೇಲೆ ತಲೆಯೆತ್ತಿ ಅವನನ್ನೇ ನೋಡಿದಳು.

“ಎರಡನೇ ಸಾಲು ನಾನೇ ಬರೀಲಾ?”

“ಏನಂತ ಬರೀತೀರಿ?”

“‘ಅವಳೂ ನನ್ನ ಜೊತೇಲಿ ಬರ್ತಾಳಂತೆ.’”