ಯಮುನಳ ಹಾಜರಿ

2025ರ ಮೇ 19, ಸೋಮವಾರ, ಬೆಳಿಗ್ಗೆ ಹತ್ತೂಕಾಲು. ಸಿದ್ದಾಪುರದ ಕಡೆಯ ಎಸ್ಟೇಟ್ ಲೈನಿನ ಸಾಲುಮನೆಯಿಂದ ಸಣ್ಣಸ್ವಾಮಿ ಊರುಗೋಲು ಊರಿಕೊಂಡು ಠಾಣೆಗೆ ಬಂದ. ಮೆಣಸು ಕೊಯ್ಯುವ ಏಣಿಯಿಂದ ಬಿದ್ದು ಸೊಂಟ ಹೋಗಿ ಆರು ವರ್ಷ. ಅಲ್ಲಿಂದಾಚೆ ಹೆಂಡತಿ ದುಡಿದರೆ ಒಲೆ ಉರಿಯುತ್ತಿತ್ತು.

"ನನ್ ಹೆಂಡ್ತಿ ಯಮುನ ಸತ್ತು ವರ್ಷದ ಮೇಲಾಯ್ತು ಸಾರ್. ಪಿಂಚಣಿ ಕೇಳಿದ್ರೆ, ಅವ್ಳು ಇನ್ನೂ ಕೆಲ್ಸಕ್ಕೆ ಹೋಗ್ತಿದಾಳೆ ಅಂತಾರೆ."

ಇನ್ಸ್‌ಪೆಕ್ಟರ್ ಕೀರ್ತಿಕುಮಾರ್ ಅವನು ತಂದಿದ್ದ ಪಿ.ಎಫ್. ಕಚೇರಿಯ ಕಾಗದವನ್ನು ಎರಡು ಸಲ ಓದಿದರು. ಏಪ್ರಿಲ್ ತಿಂಗಳ ಪಿ.ಎಫ್. ವಂತಿಗೆಯೂ ಯಮುನಳ ಹೆಸರಿಗೆ ಜಮೆಯಾಗಿದೆ, ಆದ್ದರಿಂದ ಅರ್ಜಿ ತಿರಸ್ಕೃತ. ಸತ್ತವಳು ದುಡಿಯುತ್ತಿದ್ದಾಳೆ, ಬದುಕಿದವನಿಗೆ ಗಂಜಿಗೂ ಗತಿಯಿಲ್ಲ. ಇದೆಂಥ ಕರ್ಮ ಎಂದು ಅವರಿಗೆ ಮೈಯೆಲ್ಲ ಉರಿಯಿತು. ಹನ್ನೊಂದಕ್ಕೆ ಎಫ್‌ಐಆರ್ ಆಯಿತು.

ಎರಡು ಗಂಟೆಗೆ ಹೆಡ್ ಕಾನ್‌ಸ್ಟೆಬಲ್ ಬೋಜಮ್ಮನ ಜೊತೆ ಎಸ್ಟೇಟಿಗೆ ಹೋದರು. ಮಾಲೀಕ ದೀಪಕ್ ಕೈ ತೊಳೆದುಕೊಳ್ಳಲು ನೋಡಿದ. ಹಾಜರಿ, ಸಂಬಳ, ಪಿ.ಎಫ್. ಎಲ್ಲ ತೋಟದ ಲೆಕ್ಕ ಬರೆಯುವ ರೈಟರ್ ಶಿವಶಂಕರಪ್ಪನದು, ತಾನು ಸಹಿ ಹಾಕುವುದಷ್ಟೇ ಎಂದ. ಯಾರು ಸೇರಿದರು, ಯಾರು ಯಾವ ದಿನ ಕೆಲಸ ಬಿಟ್ಟರು ಅಥವಾ ಸತ್ತರು ಎಂದು ಸರ್ಕಾರಕ್ಕೆ ತಿಳಿಸುವ ಹೊಣೆ ಮಾಲೀಕನದೇ ಎಂದು ಕೀರ್ತಿಕುಮಾರ್ ಬಿಡಿಸಿ ಹೇಳಿದರು. ಹಾಜರಿ ಕರೆಯುವಾಗ ನೀವು ಕೊನೆಯ ಸಲ ಬಂದು ನಿಂತದ್ದು ಯಾವಾಗ ಎಂದು ಕೇಳಿದರೆ, ದೀಪಕ್ ಅದನ್ನೂ ರೈಟರನ್ನೇ ಕೇಳಿ ಎಂದ. ಅವನನ್ನು ಎರಡನೇ ಆರೋಪಿಯಾಗಿ ಸೇರಿಸಿದರು.

ಪಂಚರ ಎದುರು ಹಾಜರಿ ಪುಸ್ತಕ ತೆರೆದು ಪಂಚನಾಮೆ ನಡೆಯಿತು. 2024ರ ಮಾರ್ಚ್ 11, ಯಮುನಳನ್ನು ಮಣ್ಣು ಮಾಡಿದ ದಿನ. ಇಡೀ ಲೈನೇ ಕೆಲಸ ಬಿಟ್ಟು ಹೋಗಿತ್ತು, ಎಲ್ಲರಿಗೂ ಗೈರು. ಆ ಪುಟದಲ್ಲಿ ಹಾಜರಿದ್ದವಳು ಒಬ್ಬಳೇ, ಯಮುನ.

ರೈಟರನ ಮೇಜಿನ ಖಾನೆಯಲ್ಲಿ ಅರವತ್ತೆರಡು ಲಕೋಟೆ ಸಿಕ್ಕವು. ವಾರಕ್ಕೊಂದರಂತೆ ಆಕೆಯ ಬಟವಾಡೆ, ಒಂದನ್ನೂ ಒಡೆದಿರಲಿಲ್ಲ. ಬಟವಾಡೆ ಪುಸ್ತಕದಲ್ಲಿ ಅವಳ ಹೆಸರಿನೆದುರಿದ್ದ ಹೆಬ್ಬೆಟ್ಟು ಶಿವಶಂಕರಪ್ಪನ ಎಡಗೈಯದೇ ಎಂದು ಬೆರಳಚ್ಚು ತಜ್ಞರ ವರದಿ 22ರ ಬೆಳಿಗ್ಗೆ ಬಂತು. ಎಂಟೂವರೆಗೆ ಅವನನ್ನು ಠಾಣೆಗೆ ಕರೆತಂದರು.

"ಹೆಬ್ಬೆಟ್ಟು ನಿಮ್ಮದಾ?"

"ಹೌದು."

"ದುಡ್ಡು ಯಾಕೆ ಮುಟ್ಟಲಿಲ್ಲ?"

"ನನ್ನದಲ್ಲವಲ್ಲ ಸಾರ್."

"ಮತ್ತೆ ಅವಳ ಹೆಸರು ಯಾಕೆ ಹೊಡೆದು ಹಾಕಲಿಲ್ಲ?"

ಶಿವಶಂಕರಪ್ಪ ಮೇಜಿನ ಮೇಲಿದ್ದ ಹಾಜರಿ ಪುಸ್ತಕವನ್ನು ನೇರ ಮಾಡಿಟ್ಟ. ಐವತ್ತೆಂಟರ ಒಣಕಲು ಆಳು, ಶನಿವಾರಸಂತೆ ಕಡೆಯವನು, ಹಿಂದಿಲ್ಲ ಮುಂದಿಲ್ಲ. ಕೀರ್ತಿಕುಮಾರರೂ ಆ ಕಡೆಯವರೇ, ಕ್ವಾರ್ಟರ್ಸಿನಲ್ಲಿ ಒಂಟಿ. ಒಂದು ಗಂಟೆ ಕೇಳಿ ಕೇಳಿ ಸಾಕಾಗಿ, ಪೊಲೀಸಿನವರ ಬಾಯಿಪಾಠದ ಉಪಚಾರದಂತೆ, "ತಿಂಡಿ ಆಯ್ತಾ?" ಎಂದರು.

ಶಿವಶಂಕರಪ್ಪ ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಎಲ್ಲ ಹೇಳಿದ. ಇಪ್ಪತ್ತಾರು ವರ್ಷ ದಿನಾ ಬೆಳಿಗ್ಗೆ ಅವನು ಮೊದಲು ಕೂಗುತ್ತಿದ್ದದ್ದು ಯಮುನಳ ಹೆಸರು. ಅವಳು ಹಾಜರಿ ಹೇಳಿ, ರೈಟರೇ ತಿಂಡಿ ಆಯ್ತಾ ಎಂದು ಕೇಳಿ ತೋಟಕ್ಕೆ ಇಳಿಯುತ್ತಿದ್ದಳು. ಅವರ ನಡುವೆ ಬೇರೇನೂ ಇರಲಿಲ್ಲ. ಅವನನ್ನು ಹಾಗೆ ಕೇಳುವವರು ಲೋಕದಲ್ಲಿ ಇನ್ನೊಬ್ಬರಿರಲಿಲ್ಲ. ಮಣ್ಣು ಮಾಡಿ ಬಂದ ಸಂಜೆ ಆ ಹೆಸರಿಗೆ ಗೀಟು ಎಳೆಯಲು ಕೈ ಏಳಲಿಲ್ಲ, ಮರುದಿನವೂ ಏಳಲಿಲ್ಲ. ಸಣ್ಣಸ್ವಾಮಿ ಪಿಂಚಣಿಗೆ ಅಲೆಯುತ್ತಿದ್ದದ್ದು ಗೊತ್ತಾದಾಗ ಹೇಳಲು ಹೆದರಿಕೆಯಾಯಿತು.

ಮಾಲೀಕನನ್ನು ಕರೆಸಿ ಆಕೆ ತೀರಿಕೊಂಡ ದಿನಾಂಕವನ್ನು ಪಿ.ಎಫ್. ದಾಖಲೆಗೆ ಏರಿಸಿದ್ದಾಯಿತು. 11.40ಕ್ಕೆ ಬಂಧನದ ಮೆಮೊ ಬರೆಯಲು ಕುಳಿತರು. ಬಂಧನದ ಸುದ್ದಿ ಯಾರಿಗೆ ತಿಳಿಸಬೇಕು ಎನ್ನುವ ಕಾಲಮ್ಮಿಗೆ ಬಂದು ಪೆನ್ನು ನಿಂತಿತು. ಅಣ್ಣತಮ್ಮ, ನೆಂಟರು, ಸ್ನೇಹಿತರು? ಎಲ್ಲಕ್ಕೂ ತಲೆಯಾಡಿಸಿದ. ಖಾಲಿ ಬಿಡುವ ಹಾಗಿಲ್ಲ ಎಂದರು.

"ಸಣ್ಣಸ್ವಾಮಿಗೆ ಹೇಳಿ ಸಾರ್," ಎಂದ. "ಇನ್ನು ಪಿಂಚಣಿ ಬರುತ್ತೆ ಅಂತಲೂ ಹೇಳಿ."

ದೂರು ಕೊಟ್ಟವನ ಹೆಸರನ್ನೇ ಆ ಕಾಲಮ್ಮಿನಲ್ಲಿ ಬರೆದು ಕೀರ್ತಿಕುಮಾರ್ ಫೋನ್ ಮಾಡಿದರು. ನಡೆದದ್ದನ್ನೆಲ್ಲ ಹೇಳಿದರು.

"ಅವ್ರು ತಿಂಡಿ ತಿಂದ್ರಾ ಸಾರ್?" ಎಂದು ಕೇಳಿದ ಸಣ್ಣಸ್ವಾಮಿ.