ಸಕಲವೂ ಸೇರಿದ ಪ್ರವಾಸ

ಕುರ್ಚಿ ಷಡ್ಡಕನ ಪಾಲಾಯಿತು.

ಮಾವ ಅದನ್ನು ಹೇಳಿದ್ದು ಊಟದ ನಡುವೆ, ಉಪ್ಪು ಈ ಕಡೆ ಕೊಡಿ ಎನ್ನುವಷ್ಟು ಸಲೀಸಾಗಿ. "ಇನ್ಮೇಲೆ ಆಫೀಸು ಚಿಕ್ಕ ಅಳಿಯಂದಿರು ನೋಡ್ಕೊಳ್ಳಲಿ. ದೊಡ್ಡ ಅಳಿಯಂದಿರು ಹೇಗೂ ಇದ್ದೇ ಇರ್ತಾರಲ್ಲ."

ಇದ್ದೇ ಇರ್ತಾರಲ್ಲ. ಅಟ್ಟಕ್ಕೆ ಒರಗಿಸಿಟ್ಟ ಏಣಿಯ ಬಗ್ಗೆ ಜನ ಹೀಗೆ ಹೇಳುತ್ತಾರೆ. ಹೆಂಡತಿ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವಳ ತಂಗಿ ಮಾತ್ರ ಮುಗುಳ್ನಕ್ಕು, ಓಟದಲ್ಲಿ ಸೋತವನಿಗೆ ಸಮಾಧಾನದ ಬಹುಮಾನ ಕೊಡುವಂತೆ, ಅವನಿಗೆ ಇನ್ನೊಂದು ಸೌಟು ಬಡಿಸಿದಳು. ಅವನು ಅದನ್ನು ಪೂರ್ತಿ ಉಂಡ. ಉಣ್ಣುತ್ತ ಉಣ್ಣುತ್ತಲೇ, ಈ ಷಡ್ಡಕ ಬದುಕಿರಬೇಕಾದ ಅಗತ್ಯ ಯಾರಿಗಿದೆ ಎಂದು ಲೆಕ್ಕ ಹಾಕಿದ. ಯಾರಿಗೂ ಇದ್ದಂತೆ ಕಾಣಲಿಲ್ಲ.

ಮಾವನ ಪ್ರವಾಸ ಸಂಸ್ಥೆಯಲ್ಲಿ ಪ್ಯಾಕೇಜು ಕಟ್ಟುವ ಕೆಲಸ ಮದುವೆಯಾದಾಗಿನಿಂದ ಅವನದೇ. ವಿಮಾನ, ನಿಲ್ದಾಣದಿಂದ ಹೋಟೆಲಿಗೆ ಗಾಡಿ, ಕೋಣೆ, ಊಟ, ಸುತ್ತಾಟ, ಗೈಡು, ವಿಮೆ. ಈ ಬಿಡಿಭಾಗಗಳನ್ನು ಹೆಣೆದು, ನಡುವೆ ಗಾಳಿಯೂ ನುಸುಳದಂತೆ ಗಂಟು ಕಟ್ಟಿ ಜನರ ಕೈಗಿಡುತ್ತಿದ್ದ. ಷಡ್ಡಕ ಮೊನ್ನೆಮೊನ್ನೆಯವರೆಗೆ ಪರದೆ ಬಟ್ಟೆ ಮಾರುತ್ತಿದ್ದವನು. ಆಫೀಸಿಗೆ ಬಂದ ಮೊದಲ ವಾರ, "ಹಾಫ್ ಬೋರ್ಡ್ ಅಂದ್ರೆ ಅರ್ಧ ಹಾಸಿಗೆನಾ ಭಾವ?" ಎಂದು ಕೇಳಿದ್ದ. ತಿಂಡಿ ಮತ್ತು ರಾತ್ರಿಯೂಟ ಎಂದು ಇವನು ಹಲ್ಲು ಕಚ್ಚಿ ವಿವರಿಸುವಷ್ಟರಲ್ಲಿ ಇಡೀ ಆಫೀಸು ನಗುತ್ತಿತ್ತು. ಎಲ್ಲರಿಗಿಂತ ಹೆಚ್ಚು ನಕ್ಕವರು ಮಾವ. ನಗಿಸುವವನಿಗೆ ಕುರ್ಚಿ ಸಿಗುತ್ತದೆಂದು ಆಗ ಅವನಿಗೆ ತಿಳಿದಿರಲಿಲ್ಲ.

ಗಿರಾಕಿಗಳ ಬಗ್ಗೆಯೂ ಅವನಿಗೆ ಹೆಚ್ಚಿನ ಗೌರವವಿರಲಿಲ್ಲ. ವಿಮಾನ ಮತ್ತು ಕೋಣೆ ಎರಡೇ ಸಾಕೆನ್ನುವವರು ತಮ್ಮನ್ನು ಸಾಹಸಿಗಳೆಂದುಕೊಂಡವರು. ಮೊದಲ ಸಂಜೆಯೇ ದಾರಿ ತಪ್ಪಿ ಆಫೀಸಿಗೆ ಫೋನ್ ಮಾಡುತ್ತಾರೆ. ವಿಮಾನದ ಜೊತೆಗೆ ಬಾಡಿಗೆ ಕಾರು ಕೇಳುವವರು ಗಂಡಹೆಂಡಿರ ಜಗಳಕ್ಕೆ ಹೊಸ ರಸ್ತೆ ಹುಡುಕುವವರು. ಎಲ್ಲವೂ ಸೇರಿದ್ದನ್ನು ಕೊಳ್ಳುವವರು ಬಾಯಾರದಿದ್ದರೂ ಕುಡಿದು, ಈಜು ಬರದಿದ್ದರೂ ಕೊಳಕ್ಕೆ ಇಳಿದು, ಕೊಟ್ಟದ್ದು ವಸೂಲಾಯಿತೇ ಎಂದು ನಿದ್ದೆಯಲ್ಲೂ ಕನವರಿಸುವವರು. ಇನ್ನು ಗೈಡಿನ ಹಿಂದೆ ಬಸ್ಸಿನಲ್ಲಿ ಸುತ್ತುವವರಂತೂ ತೋರಿಸಿದ ಕಡೆ ನೋಡುವ, ಎಬ್ಬಿಸಿದಾಗ ಏಳುವ ಮಂದೆ. ಪಕ್ಕದಲ್ಲಿ ಕೂತವನ ಮುಖವನ್ನು ಅವರು ಎಂದೂ ನೋಡುವುದಿಲ್ಲ. ಅದು ಕಾರ್ಯಕ್ರಮದಲ್ಲಿ ಇರುವುದಿಲ್ಲವಲ್ಲ.

ಈ ಕೊನೆಯ ಮಾತು ಮನಸ್ಸಿನಲ್ಲಿ ಹಾದುಹೋದ ದಿನ ಅವನು ಪೆನ್ನು ಕೆಳಗಿಟ್ಟ.

ಕೊಲೆಗಳಿಗೂ ದರ್ಜೆಗಳಿವೆ ಎಂದು ಅವನಿಗೆ ಹೊಳೆಯಿತು. ಸಿಟ್ಟು ನೆತ್ತಿಗೇರಿ ಕೈಗೆ ಸಿಕ್ಕಿದ್ದರಿಂದ ಹೊಡೆಯುವವನದು ಬರೀ ಕೋಣೆಯ ಪ್ಯಾಕೇಜು, ತಿಂಡಿಯೂ ಇಲ್ಲ. ಹೊಡೆದ ಮೇಲೆ ಓಡುವ ದಾರಿ ನೋಡಿಟ್ಟುಕೊಂಡವನದು ಸ್ವಲ್ಪ ಮೇಲು. ಸಾವು ಅಪಘಾತವಾಗಿ ಕಾಣುವಂತೆ ಮಾಡುವವನು ಇನ್ನೂ ಮೇಲು. ಆದರೆ ಅಪಘಾತವೂ ಇರಬೇಕು, ಅದನ್ನು ಯಾರಾದರೂ ನಂಬದಿದ್ದರೆ ತಾನು ಬೇರೆಲ್ಲೋ ಇದ್ದೆನೆಂದು ಹೇಳಲು ನಲವತ್ತು ನಾಲಿಗೆಗಳೂ ಇರಬೇಕು. ಅದು ಸಕಲವೂ ಸೇರಿದ ದರ್ಜೆ. ಆ ದರ್ಜೆಯಲ್ಲಿ ಇದುವರೆಗೆ ಯಾರೂ ಸಿಕ್ಕಿಬಿದ್ದಿರಲಾರರು. ಸಿಕ್ಕಿಬೀಳದ್ದರಿಂದಲೇ ಅವರ ಹೆಸರು ನಮಗೆ ಗೊತ್ತಿಲ್ಲ.

ಅಪಘಾತದ ಭಾಗವನ್ನು ಷಡ್ಡಕನೇ ಒದಗಿಸಿಕೊಟ್ಟಿದ್ದ. ಊಟವಾದ ಮೇಲೆ ಅವನು ಕದ್ದು ಸೇದಲು ಆಫೀಸು ಕಟ್ಟಡದ ತಾರಸಿಗೆ ಹೋಗಿ, ಮೊಣಕಾಲೆತ್ತರದ ಕಟ್ಟೆಯ ಮೇಲೆ ಬೀದಿಗೆ ಬೆನ್ನು ಹಾಕಿ ಕೂತು ಫೋನು ನೋಡುತ್ತಿದ್ದ. "ಅಲ್ಲಿ ಕೂರಬೇಡ್ರೀ, ಬೀಳ್ತೀರಾ" ಎಂದು ಮಾವನೇ ನಾಲ್ಕು ಜನರೆದುರು ಗದರಿದ್ದರು. ಇದಕ್ಕಿಂತ ಒಳ್ಳೆಯ ಮುನ್ನುಡಿ ಯಾವ ಸಾವಿಗೆ ಸಿಕ್ಕೀತು?

ನಾಲಿಗೆಗಳ ಭಾಗಕ್ಕೆ ಅವನು ಬೇರೊಂದು ಸಂಸ್ಥೆಯ ಬಸ್ ಪ್ರವಾಸದಲ್ಲಿ ಸೀಟು ಹಿಡಿದ. ಎದುರಾಳಿಗಳು ಹೇಗೆ ನಡೆಸುತ್ತಾರೆ ನೋಡಿ ಬರುತ್ತೇನೆಂದಾಗ ಮಾವ ಮೆಚ್ಚಿ ತಲೆಯಾಡಿಸಿದರು. ಆ ಪ್ರವಾಸದ ಐದನೆಯ ದಿನ ಗುಂಪು ಬೆಟ್ಟದ ಬುಡದ ಹೋಟೆಲೊಂದರಲ್ಲಿ ತಂಗಿ, ಸರೋವರ ನೋಡಲು ಹೋಗಿ, ಸಂಜೆ ಅದೇ ಹೋಟೆಲಿಗೆ ಮರಳಬೇಕಿತ್ತು. ಸರೋವರ ಒಂದು ದಿಕ್ಕಿಗೆ; ಅವನ ಊರು ಇನ್ನೊಂದು ದಿಕ್ಕಿಗೆ, ಎರಡು ಬಸ್ಸು ಬದಲಿಸಿದರೆ ಮಧ್ಯಾಹ್ನದೊಳಗೆ.

ಬಸ್ಸಿನ ಸೀಟಿನಲ್ಲಿ ಕೂರಲು ಚಿಕ್ಕಪ್ಪನ ಮಗನಿದ್ದ. ಮನೆಯಲ್ಲಿ ಎಲ್ಲರೂ ಅವನನ್ನು ಹೂಂರಾಯ ಎನ್ನುತ್ತಿದ್ದರು, ಏನು ಹೇಳಿದರೂ ಹೂಂ ಎನ್ನುತ್ತಿದ್ದುದರಿಂದ. ಇಬ್ಬರದೂ ಒಂದೇ ಅಚ್ಚು. ಆದರೆ ದೇವರು ಆ ಅಚ್ಚಿಗೆ ಎರಡನೆಯ ಸಲ ಬುದ್ಧಿ ಸುರಿಯುವುದನ್ನು ಮರೆತಿದ್ದ ಎಂದು ಇವನ ಅಭಿಪ್ರಾಯ.

"ಒಂದು ದಿನ ನೀನು ನಾನಾಗಿ ಕೂತ್ಕೋಬೇಕು. ಯಾಕೆ ಅಂತ ಕೇಳ್ಬೇಡ."

ಹೂಂರಾಯ ಕೇಳಲಿಲ್ಲ. ಕಿವಿ ಕೆಂಪಾಗಿಸಿಕೊಂಡು, "ಅತ್ತಿಗೆಗೆ ಗೊತ್ತಾದ್ರೆ ಬೇಜಾರು ಮಾಡ್ಕೊಳ್ತಾರೆ ಅಣ್ಣ" ಎಂದ.

ಯಾವಳೋ ಒಬ್ಬಳಿದ್ದಾಳೆಂದು ಅವನು ಊಹಿಸಿಕೊಂಡದ್ದು ನೋಡಿ ಇವನಿಗೆ ನಗು ಬಂತು. ಊಹಿಸಿಕೊಳ್ಳಲಿ. "ಗೊತ್ತಾಗಲ್ಲ. ನೀನು ಬಾಯಿ ಮುಚ್ಕೊಂಡಿದ್ರೆ."

"ಹೂಂ. ಕಿಟಕಿ ಪಕ್ಕದ ಸೀಟಾ ಅಣ್ಣ?"

"ಕಿಟಕಿ ಪಕ್ಕದ್ದೇ."

ಹೂಂರಾಯ ಹುಟ್ಟಿದಾಗಿನಿಂದ ಎಲ್ಲಿಗೂ ಪ್ರವಾಸ ಹೋದವನಲ್ಲ. ಇಷ್ಟು ಅಗ್ಗಕ್ಕೆ ಮನುಷ್ಯರು ಸಿಗುತ್ತಾರೆಂದು ಇವನಿಗೆ ಬೇಸರವೇ ಆಯಿತು.

ಮೊದಲ ನಾಲ್ಕು ದಿನ ಅವನು ನೆಲ ಹದಮಾಡುವವನಂತೆ ದುಡಿದ. ಇಟ್ಟಿಗೆ ಬಣ್ಣದ ಜಾಕೆಟ್ಟು, ಕಿವಿ ಮುಚ್ಚುವ ಟೋಪಿ, ಕಪ್ಪು ಕನ್ನಡಕ, ಕತ್ತಿಗೆ ಮಫ್ಲರು. ಗಂಟಲು ಕೆಟ್ಟಿದೆಯೆಂದು ಸನ್ನೆ ಮಾಡಿ ಯಾರೊಡನೆಯೂ ಮಾತಾಡಲಿಲ್ಲ. ತಿಂಡಿಗೆ ಎಲ್ಲರೂ ಎದ್ದ ಮೇಲೆ ಹೋಗುತ್ತಿದ್ದ. ಪಕ್ಕದ ಸೀಟಿನ ನಿವೃತ್ತ ಮೇಷ್ಟ್ರು ಮೊದಲ ದಿನ ಪೆಪ್ಪರಮಿಂಟು ಚಾಚಿದರು. ತಲೆ ಅಲ್ಲಾಡಿಸಿ ಕಿಟಕಿಗೆ ಒರಗಿ ಕಣ್ಣು ಮುಚ್ಚಿದ. ಮೂರನೆಯ ದಿನದ ಹೊತ್ತಿಗೆ ಹಿಂದಿನ ಸೀಟಿನ ಹೆಂಗಸು ತನ್ನ ಗಂಡನಿಗೆ ಪಿಸುಗುಟ್ಟುವುದು ಕೇಳಿಸಿತು: "ಮನೇಲೇ ಮಲಗಬಹುದಿತ್ತಲ್ಲ ಈ ಮಹಾಶಯ. ಇದಕ್ಕೆ ಬಸ್ಸು ಬೇರೆ ಬೇಕಾ?"

ಸರಿಯಾಗಿ ಬೇಯುತ್ತಿದೆ ಎಂದುಕೊಂಡ.

ಗುಂಪಿನ ಮುಖ್ಯಸ್ಥೆ ಹಳದಿ ಛತ್ರಿಯೊಂದನ್ನು ಮೇಲೆತ್ತಿಕೊಂಡು ಮುಂದೆ ನಡೆಯುತ್ತಿದ್ದಳು. ಅವಳಿಗೆ ಅವನು ಛತ್ರಿಯಮ್ಮ ಎಂದು ಹೆಸರಿಟ್ಟ. ಪ್ರತಿ ಸಲ ಬಸ್ಸು ಹೊರಡುವ ಮುನ್ನ ಅವಳು ಬೆರಳಾಡಿಸುತ್ತ ತಲೆ ಎಣಿಸುತ್ತಿದ್ದಳು. ಅವಳು ಎಣಿಸುವುದು ತಲೆ, ಮುಖವಲ್ಲ. ಒಮ್ಮೆ ಅವನ ಬಳಿ ನಿಂತು, "ಗಂಟಲಿಗೆ ಬಿಸಿನೀರು ಕುಡೀತಿದೀರಾ ಸಾರ್? ಏನಾದ್ರೂ ಬೇಕಾದ್ರೆ ನನಗೊಂದು ಮಾತು ಹೇಳಿ" ಎಂದಳು. ಅವನು ಜಾಕೆಟ್ಟಿನೊಳಗೆ ಇನ್ನಷ್ಟು ಇಳಿದ. ಈ ಅಕ್ಕರೆಯೂ ಪ್ಯಾಕೇಜಿನ ಒಂದು ಬಿಡಿಭಾಗವೆಂದು ಅವನಿಗೆ ಗೊತ್ತಿರಲಿಲ್ಲವೇ? ತಾನೇ ಎಷ್ಟು ಜನರಿಗೆ ಇದನ್ನು ಹೇಳಿಕೊಟ್ಟಿದ್ದ.

ಕತೆಗಳಲ್ಲಿ ರಾಕ್ಷಸ ತನ್ನ ಪ್ರಾಣವನ್ನು ಏಳು ಸಮುದ್ರದಾಚೆ ಒಂದು ಗಿಳಿಯೊಳಗೆ ಅಡಗಿಸಿಟ್ಟು, ಇಲ್ಲಿ ನಿರ್ಭಯವಾಗಿ ಊರು ಹಾಳು ಮಾಡುತ್ತಾನಂತೆ. ಐದನೆಯ ದಿನ ಬೆಳಿಗ್ಗೆ ಅವನು ತನ್ನ ಪ್ರಾಣವನ್ನು ಕಿಟಕಿ ಪಕ್ಕದ ಸೀಟಿನಲ್ಲಿ ಇಟ್ಟ. ತಿಂಡಿಯ ಗದ್ದಲದಲ್ಲಿ ಒಳಗೆ ಬಂದ ಹೂಂರಾಯನಿಗೆ ಜಾಕೆಟ್ಟು, ಟೋಪಿ, ಕನ್ನಡಕ, ಮಫ್ಲರು ತೊಡಿಸಿ, ತನ್ನ ಫೋನನ್ನು ಜೇಬಿಗೆ ಹಾಕಿದ. ಫೋನು ಎಲ್ಲಿತ್ತೆಂದು ನಾಳೆ ಯಾರಾದರೂ ಹುಡುಕಿದರೆ ಸರೋವರದ ದಂಡೆಯಲ್ಲಿರಬೇಕು. ಕೋಣೆಗೆ ಎರಡು ಕೀಲಿ ಕೊಟ್ಟಿದ್ದರು. ಒಂದು ಹೂಂರಾಯನಿಗೆ, ಒಂದು ತನಗೆ.

"ಮಾತಾಡ್ಬೇಡ. ಫೋನ್ ಬಂದ್ರೆ ಎತ್ಬೇಡ. ಕನ್ನಡಕ ತೆಗೀಬೇಡ. ಫೋಟೋ ತೆಗೀತಾರೆ ಅಂದ್ರೆ ಬೆನ್ನು ತಿರುಗಿಸು. ಆ ಛತ್ರಿಯವಳು ಎಣಿಸುವಾಗ ಕೈ ಎತ್ತು. ಬಂದಮೇಲೆ ಸೀದಾ ಇಲ್ಲಿಗೆ ಬಾ, ಬಟ್ಟೆ ಬಿಚ್ಚು, ಹಿಂದಿನ ಮೆಟ್ಟಿಲಲ್ಲಿ ಇಳಿದು ಹೋಗು. ಏನು ಹೇಳ್ದೆ?"

ಹೂಂರಾಯ ಒಂದೂ ಬಿಡದೆ ಒಪ್ಪಿಸಿದ. ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡು, "ಜಾಕೆಟ್ಟು ಚೆನ್ನಾಗಿದೆ ಅಣ್ಣ" ಎಂದ.

ಊರಿನಲ್ಲಿ ಎಲ್ಲವೂ ಬೆಣ್ಣೆಯಿಂದ ಕೂದಲು ತೆಗೆದಂತೆ ನಡೆಯಿತು. ಆಫೀಸಿನ ಹಿಂಬದಿಯ ಕಬ್ಬಿಣದ ಮೆಟ್ಟಿಲನ್ನು ಗುಡಿಸುವವರು ಬೆಳಿಗ್ಗೆ ಮಾತ್ರ ಬಳಸುತ್ತಾರೆ. ತಾರಸಿಯಲ್ಲಿ ಷಡ್ಡಕ ಎಂದಿನ ಜಾಗದಲ್ಲಿ ಕೂತಿದ್ದ. ಇವನನ್ನು ಕಂಡು ಸಿಗರೇಟು ಅಡಗಿಸಲು ಹೋಗಿ, ಆಮೇಲೆ ನಕ್ಕ.

"ಅಯ್ಯೋ ಭಾವ, ನೀವಾ? ನಾನು ಮಾವನವರೇ ಬಂದ್ರು ಅಂದ್ಕೊಂಡೆ. ಟೂರಲ್ಲಿ ಇರ್ಬೇಕಿತ್ತಲ್ಲ ನೀವು?"

"ಬೇಜಾರಾಯ್ತು. ಬಂದೆ."

"ಒಳ್ಳೇದು ಮಾಡಿದ್ರಿ. ನೀವಿಲ್ದೆ ನಾಲ್ಕೇ ದಿನಕ್ಕೆ ನನ್ನ ತಲೆ ಕೆಟ್ಟು ಹನ್ನೆರಡಾಣೆ ಆಗಿದೆ. ಒಬ್ಬರನ್ನ ಸಮುದ್ರದ ಬದ್ಲು ಬೆಟ್ಟಕ್ಕೆ ಕಳಿಸ್ಬಿಟ್ಟೆ." ಷಡ್ಡಕ ಹೊಗೆ ಬಿಟ್ಟು, ಕಟ್ಟೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟ. "ಕೂತ್ಕೊಳ್ಳಿ. ಮಾವನವರಿಗೆ ಹೇಳ್ಬಿಡ್ತೀನಿ ಭಾವ, ಈ ಕುರ್ಚಿ ನನಗೆ ಆಗಿಬರಲ್ಲ, ನಿಮ್ಮನ್ನೇ ಕೂರಿಸಿ ಅಂತ. ನಾನು ಗಿರಾಕಿಗಳನ್ನ ನಗಿಸ್ಕೊಂಡಿರ್ತೀನಿ."

ಒಂದು ಕ್ಷಣ ಅವನು ಆ ಮಾತನ್ನು ಅತ್ತಿತ್ತ ಹೊರಳಿಸಿ ನೋಡಿದ. ತಾನು ಇಷ್ಟು ದಿನ ಬಯಸಿದ್ದನ್ನು ಈ ಷಡ್ಡಕ ಉಳಿದ ಬಿಸ್ಕತ್ತು ಕೊಡುವಂತೆ ಕೊಡುತ್ತಿದ್ದಾನೆ. ಇವನ ಕೈಯಿಂದ ಪಡೆದ ಕುರ್ಚಿಯಲ್ಲಿ ದಿನವೂ ಕೂರಬೇಕೇ? ಮಾವನ ಮನೆಯ ಊಟದ ಮೇಜಿನಲ್ಲಿ, ಚಿಕ್ಕ ಅಳಿಯಂದಿರ ದೊಡ್ಡ ಮನಸ್ಸು ಎಂಬ ಮಾತನ್ನು ಜೀವಮಾನವೆಲ್ಲ ಕೇಳಬೇಕೇ? ಭಿಕ್ಷೆಯನ್ನು ಇಷ್ಟು ನಗುನಗುತ್ತ ಹಾಕುವವನ ಮೇಲೆ ಅವನಿಗಿದ್ದ ತಾತ್ಸಾರ ಅಲ್ಲಿಗೆ ತುಂಬಿ ತುಳುಕಿತು.

ತಳ್ಳಲು ಹೆಚ್ಚು ಬಲ ಬೇಕಾಗಲಿಲ್ಲ. ಕೆಳಗೆ ಜನ ಕೂಗಿಕೊಳ್ಳುವ ಹೊತ್ತಿಗೆ ಅವನು ಹಿಂದಿನ ಬೀದಿಯ ಬಸ್ ನಿಲ್ದಾಣದಲ್ಲಿ, ಒಂದು ಮಗುವಿಗೆ ಸೀಟು ಬಿಟ್ಟುಕೊಡುತ್ತಿದ್ದ.

ಸಂಜೆಯ ಬಿಸಿಲು ಪರದೆಯ ಅಂಚಿನಲ್ಲಿರುವಾಗಲೇ ಹೋಟೆಲಿನ ಹಿಂದಿನ ಮೆಟ್ಟಿಲೇರಿ ಕೋಣೆ ಸೇರಿದ. ಬಿಸಿನೀರಿನಲ್ಲಿ ಮಿಂದು, ಒಗೆದ ಅಂಗಿ ತೊಟ್ಟು, ಹಾಸಿಗೆಯ ಮೇಲೆ ಕಾಲು ಚಾಚಿದ. ನಾಳೆ ಸುದ್ದಿ ಬರುತ್ತದೆ. ಅವನು ಪ್ರವಾಸ ಅರ್ಧಕ್ಕೇ ನಿಲ್ಲಿಸಿ ಓಡುತ್ತಾನೆ. ಮೇಷ್ಟ್ರು ಪಾಪ ಎನ್ನುತ್ತಾರೆ. ಛತ್ರಿಯಮ್ಮ ಗಾಡಿ ಗೊತ್ತುಮಾಡುತ್ತಾಳೆ. ಹೆಂಡತಿಯ ತಂಗಿಗೆ ಏನು ಹೇಳಬೇಕೆಂಬುದನ್ನೂ ಯೋಚಿಸಿದ. ಗಿರಾಕಿಗಳಿಗೆ ಬರೆಯುವ ವಿಷಾದಪತ್ರದ ಭಾಷೆಯೇ ಸಾಕಾದೀತು.

ಬಸ್ಸು ಬರುವ ಹೊತ್ತಾಯಿತು, ಬರಲಿಲ್ಲ. ಹೊತ್ತು ಮೀರಿತು. ಅಂಗಡಿಯೊಂದರ ಮುಂದೆ ನಿಲ್ಲಿಸಿರುತ್ತಾರೆ, ಮಂದೆ ಗೊಂಬೆ ಕೊಳ್ಳುತ್ತಿರುತ್ತದೆ. ಅವನಾಗಿದ್ದರೆ ಆ ನಿಲುಗಡೆಯನ್ನು ಮೊದಲ ದಿನವೇ ಮುಗಿಸಿರುತ್ತಿದ್ದ. ವಿಚಾರಿಸೋಣವೆಂದರೆ ಫೋನಿಲ್ಲ, ಇರಲಿ, ಅದು ಇರಬೇಕಾದಲ್ಲೇ ಇದೆ. ದೀಪ ಹಾಕಿದ. ಕೊನೆಗೆ ಹೊರಗೆ ಹೆಜ್ಜೆ ಸಪ್ಪಳವಾಗಿ, ಬೀಗದಲ್ಲಿ ಕೀಲಿ ತಿರುಗಿತು.

"ಎಷ್ಟೊತ್ತೋ ನಿಂದು, ಬಾ ಒಳಗೆ" ಎಂದ, ಏಳದೆಯೇ.

ಬಾಗಿಲಲ್ಲಿ ಛತ್ರಿಯಮ್ಮ ನಿಂತಿದ್ದಳು. ಹಿಂದೆ ಹೋಟೆಲಿನ ಮ್ಯಾನೇಜರು. ಅವಳ ಕೂದಲು ಕೆದರಿತ್ತು, ಸೀರೆಯ ಮೇಲೆ ಯಾರೋ ವಾಂತಿ ಮಾಡಿದ ಕಲೆ. ಕೈಯಲ್ಲಿ ಕೀಲಿ, ತೋಳಿನ ಮೇಲೆ ಇಟ್ಟಿಗೆ ಬಣ್ಣದ ಜಾಕೆಟ್ಟು. ಅವಳು ಅವನನ್ನು ನೋಡಿದಳು, ಜಾಕೆಟ್ಟನ್ನು ನೋಡಿದಳು, ಮತ್ತೆ ಅವನನ್ನು ನೋಡಿದಳು. "ಆಸ್ಪತ್ರೇಲಿ ನಿಮಗೆ ಹಾಕ್ಕೊಳ್ಳೋಕೆ ಬಟ್ಟೆ ತಗೊಂಡು ಹೋಗೋಣ ಅಂತ ಬಂದೆ" ಎಂದಳು, ನಿದ್ದೆಯಲ್ಲಿ ಮಾತಾಡುವವಳಂತೆ. "ಈಗಷ್ಟೇ ನಿಮಗೆ ಡ್ರಿಪ್ ಹಾಕ್ಸಿ, ನಿಮ್ಮ ಕೈ ಹಿಡ್ಕೊಂಡು ಕೂತಿದ್ದು ಬಂದೆ. ಬಸ್ಸಲ್ಲಿದ್ದವರು ಒಬ್ಬರೂ ತಪ್ಪಿಸ್ಕೊಂಡಿಲ್ಲ, ಡ್ರೈವರ್ ಸಮೇತ ಎಲ್ಲರೂ ವಾಂತಿ ಮಾಡ್ಕೊಂಡು ವಾರ್ಡಲ್ಲಿದಾರೆ, ನಾನೊಬ್ಬಳೇ ಇವತ್ತು ಉಪವಾಸ ಇದ್ದಿದ್ದು. ನಿಮ್ಮ ಮನೆಯವರಿಗೂ ಹೇಳಿದೀವಿ, ಅಲ್ಲೂ ಏನೋ ಅನಾಹುತ ಆಗಿದೆಯಂತೆ, ಆದ್ರೂ ಹೊರಟಿದಾರೆ, ಇನ್ನೇನು ನಿಮ್ಮ ಮಂಚದ ಹತ್ರ ಬಂದ್ಬಿಡ್ತಾರೆ." ಮ್ಯಾನೇಜರು ಬಾಗಿಲಿಗೆ ಅಡ್ಡವಾಗಿ ನಿಂತ. ಅವನು ಒಗೆದ ಅಂಗಿಯಲ್ಲಿ, ಒದ್ದೆ ತಲೆಯಲ್ಲಿ, ಗುಂಡುಕಲ್ಲಿನಂತೆ ಆರೋಗ್ಯವಾಗಿ ಹಾಸಿಗೆಯ ಮೇಲೆ ಕೂತೇ ಇದ್ದ. ಮಾತಾಡಬೇಡ ಎಂದಿದ್ದ, ಫೋನೆತ್ತಬೇಡ ಎಂದಿದ್ದ, ಕನ್ನಡಕ ತೆಗೆಯಬೇಡ ಎಂದಿದ್ದ. ಹೂಂರಾಯ ಎಲ್ಲಕ್ಕೂ ಹೂಂ ಎಂದು ಹೇಳಿದಂತೆಯೇ ನಡೆದುಕೊಂಡಿದ್ದ. ಉಣ್ಣಬೇಡ ಎಂದು ಮಾತ್ರ ಯಾರೂ ಹೇಳಿರಲಿಲ್ಲ, ಮತ್ತು ಸರೋವರದ ದಂಡೆಯ ಮಧ್ಯಾಹ್ನದೂಟ ಆ ಪ್ಯಾಕೇಜಿನಲ್ಲಿ ಸೇರಿತ್ತು.