ಎಡಿಲ್ಮಾ ಕೂತ ದಿನ

ಬ್ವೆನಾವೆಂತುರಾ ಊರಿನ ಬಂದರಿನ ಹತ್ತಿರ ನನ್ನ ತಳ್ಳುಗಾಡಿ. ಬೇಯಿಸಿದ ಚೋಂತಾದೂರೋ ಹಣ್ಣು ಸುಲಿದು, ಉಪ್ಪು, ಜೇನು ಹಾಕಿ ಕೊಡುತ್ತೇನೆ. ಟೈಲರ್ ಎಡಿಲ್ಮಾ ಮೊದಲ ಸಲ ಬಂದಾಗ ಸ್ಟೂಲು ಕೊಟ್ಟೆ. ಕೂರಲಿಲ್ಲ. ಮೂರು ದಿನ ಬಂದಳು, ಮೂರು ದಿನವೂ ನಿಂತೇ ತಿಂದಳು. ಜಂಬ ಅಂದುಕೊಂಡೆ.

"ಏನು ಅಮ್ಮಾವ್ರೇ, ನನ್ನ ಸ್ಟೂಲು ಕಚ್ಚುತ್ತಾ? ಮೇಯರೇ ಇದರ ಮೇಲೆ ಕೂತು ಹನ್ನೆರಡು ಹಣ್ಣು ತಿಂದಿದಾರೆ. ಮೊನ್ನೆ ಕೊಲ್ಲಿಯಿಂದ ತಿಮಿಂಗಿಲ ಬಂದಿತ್ತು. ಉಪ್ಪು ಜಾಸ್ತಿ ಅಂತ ಬೈದು ಹೋಯ್ತು."

ಅವಳು ನಕ್ಕಳು. ನಗುತ್ತಲೇ ಕಣ್ಣು ತುಂಬಿತು.

"ಕೂರೋಕಾಗಲ್ಲಪ್ಪಾ. ಹನ್ನೊಂದು ವರ್ಷದ ಹಿಂದೆ ಪಾರ್ಲರಿನವಳು ಕೂರೋ ಜಾಗಕ್ಕೇ ಸೂಜಿ ಹಾಕಿದ್ಳು. ವಿಟಮಿನ್, ತುಂಬ್ಕೊಂಡು ಚೆಂದ ಕಾಣುತ್ತೆ ಅಂದ್ಳು. ಆಮೇಲೆ ಗೊತ್ತಾಯ್ತು, ಅದು ಸಿಲಿಕಾನ್ ಎಣ್ಣೆಯಂತೆ. ಈಗ ಕಲ್ಲಾಗಿದೆ, ಉರಿಯುತ್ತೆ. ಮಿಷನ್ನೂ ನಿಂತ್ಕೊಂಡೇ ತುಳೀತೀನಿ."

ಅಂದಿನಿಂದ ನಾನೂ ಅವಳ ಜೊತೆ ನಿಂತೇ ತಿಂದೆ.

ಆ ಕಲ್ಲು ತೆಗೆಯಲು ಬೆಟ್ಟದಾಚೆಯ ಕಾಲಿ ಎಂಬ ನಗರದಲ್ಲಿ ಅವಳಿಗೆ ಆಪರೇಷನ್ ಆಯಿತು. ಐದು ಗಂಟೆ ಹೊತ್ತು ಕೊಯ್ದರಂತೆ. ಬಸ್ಸಿನ ಹಿಂದಿನ ಸೀಟಿನಲ್ಲಿ ಮೊಣಕಾಲೂರಿ ಮನೆಗೆ ಬಂದಳು. ಆಮೇಲೆ ವಾರಗಟ್ಟಲೆ ಬೋರಲು ಮಲಗಿದ್ದಳು. ಎರಡು ಕೊಳವೆಗಳಿಂದ ಕೆಂಪು ನೀರು ಬಾಟಲಿಗೆ ಇಳಿಯುತ್ತಿತ್ತು. ನಾನು ಹಣ್ಣು ಹಿಡಿದು ಹೋಗಿ ಹೊಸ ಕಥೆ ಶುರು ಮಾಡಿದರೆ, "ಬೇಡ ಕಣೋ ಅರ್ನುಲ್ಫೋ, ನಕ್ಕರೆ ಹೊಲಿಗೆ ಎಳೆಯುತ್ತೆ" ಅನ್ನುತ್ತಿದ್ದಳು. ನನ್ನ ಹತ್ತಿರ ಇದ್ದದ್ದೇ ಸುಳ್ಳು. ಅದೂ ಬೇಡವೆಂದರೆ ನಾನು ಏನು ಕೊಡಲಿ? ನೆಲದ ಮೇಲೆ ಕೂತು ಅವಳ ಮುಖ ನೋಡುತ್ತಿದ್ದೆ. ದಿಂಬಿಗೆ ಒತ್ತಿದ ಕೆನ್ನೆ, ಒಂದೇ ಕಣ್ಣು. ಆ ಒಂದು ಕಣ್ಣೂ ನನ್ನನ್ನೇ ನೋಡುತ್ತಿತ್ತು.

ಬ್ಯಾಂಡೇಜು ಬಿಚ್ಚಿದ ದಿನ ಕೇಳಿದಳು: "ಹೇಗಿದೆ ಅಂತ ನೀನು ನೋಡಿ ಹೇಳು."

"ನಿನ್ನ ಅಕ್ಕ ಹೇಳಿದಾಳಲ್ಲ, ಚೆನ್ನಾಗಿದೆ ಅಂತ."

"ಅವಳು ಅತ್ತುಕೊಂಡು ಹೇಳಿದ್ಳು."

"ನಾನು ಊರಿಗೇ ದೊಡ್ಡ ಸುಳ್ಳುಗಾರ ಕಣೇ!"

"ಅದಕ್ಕೇ ನಿನ್ನ ಕೇಳ್ತಿರೋದು. ನೀನು ಸುಳ್ಳು ಹೇಳಿದ್ರೆ ನಂಗೆ ಗೊತ್ತಾಗುತ್ತೆ."

ನೋಡಿದೆ.

"ಎಡಗಡೆ ಗುಂಡಿ ಬಿದ್ದಿದೆ. ನನ್ನ ಅಂಗೈ ಮುಳುಗುವಷ್ಟು. ಬಲಗಡೆ ಉದ್ದ ಗಾಯ, ಸುತ್ತ ಚರ್ಮ ಕಪ್ಪು. ಕೆಳಗೆ ಒಂದು ಗಂಟು ಹಾಗೇ ಇದೆ."

ಅವಳು ದಿಂಬಿನಲ್ಲಿ ಮುಖ ಹುದುಗಿಸಿದಳು. ಬೆನ್ನು ಅಲುಗಿತು. ಕೈ ಚಾಚಿದೆ, ಮುಟ್ಟಲಿಲ್ಲ.

"ಹೋಗು. ಮತ್ತೆ ಬರಬೇಡ."

ಹೋದೆ. ಏಳು ವಾರ ಅವಳ ಸುಳಿವಿಲ್ಲ. ಗಿರಾಕಿಗಳು ಕಥೆ ಕೇಳಿದರೆ ಒಂದೂ ಬಾಯಿಗೆ ಬರಲಿಲ್ಲ. ದೋಣಿಯವರಿಂದ ಹಳೇ ರಬ್ಬರ್ ಟ್ಯೂಬು ತಂದು, ಗಾಳಿ ತುಂಬಿ, ಮೆತ್ತೆಯಂತೆ ಸ್ಟೂಲಿಗೆ ಕಟ್ಟಿದೆ. ಅದರ ಮೇಲೆ ಯಾರನ್ನೂ ಕೂರಿಸಲಿಲ್ಲ.

ಒಂದು ಬೆಳಗ್ಗೆ ಗೋಡೆ ಹಿಡಿದುಕೊಂಡು ಬಂದಳು. ಸೊರಗಿದ್ದಳು. ಸ್ಟೂಲನ್ನೇ ನೋಡಿದಳು. ಹಲ್ಲು ಕಚ್ಚಿ, ಬಲಗಡೆ ವಾಲಿಕೊಂಡು, ಮೆಲ್ಲಗೆ ಕೂತಳು.

"ಮೇಯರು ಕೂತಿದ್ದು ಇದರ ಮೇಲೇನಾ?"

"ಮೇಯರು ಬಂದೇ ಇಲ್ಲ ಕಣೇ."

"ಗೊತ್ತು." ಟ್ಯೂಬಿನ ಅಂಚು ಹಿಡಿದುಕೊಂಡಳು. "ಆ ಗಂಟು ತೆಗೆಯೋಕಾಗಲಿಲ್ವಂತೆ. ಮತ್ತೆ ಉರಿಯಬಹುದು. ಮತ್ತೆ ಕೊಯ್ಯಬಹುದು. ಇದು ಮುಗಿಯಲ್ಲ ಅರ್ನುಲ್ಫೋ."

"ಆಗಲೂ ನಾನೇ ನೋಡಿ ಹೇಳ್ತೀನಿ. ಇದ್ದದ್ದು ಇದ್ದ ಹಾಗೆ. ಎಷ್ಟು ಸಲ ಆದ್ರೂ."

ಅವಳು ನನ್ನ ಕಣ್ಣಲ್ಲಿ ಸುಳ್ಳು ಹುಡುಕಿದಳು. ತುಂಬಾ ಹೊತ್ತು ಹುಡುಕಿದಳು. ಆಮೇಲೆ ನನ್ನ ಅಂಟು ಕೈಯಿಂದಲೇ ಹಣ್ಣು ಕಚ್ಚಿ, ಮುಖ ಕಿವಿಚಿದಳು.

"ಉಪ್ಪು ಜಾಸ್ತಿ. ತಿಮಿಂಗಿಲ ಸರಿಯಾಗೇ ಬೈದಿದೆ."